ಹೆದರಿದವನ ಪಾತ್ರ

ಗಡ್ಡಕ್ಕೆ ಸೋಪು ಬಳಿದುಕೊಂಡು ಕನ್ನಡಿಯ ಮುಂದೆ ನಿಂತವನಿಗೆ ಇವತ್ತಿನ ತರಬೇತಿ ತಪ್ಪಿಸಿಕೊಳ್ಳಲು ಏನು ನೆಪ ಹೇಳಲಿ ಎಂಬ ಯೋಚನೆ ಬಿಟ್ಟರೆ ಬೇರೇನೂ ಇರಲಿಲ್ಲ. ಮಂಡಿನೋವನ್ನು ನಿನ್ನೆಯೇ ಹೇಳಿ ಆಗಿತ್ತು. ಹೆಂಡತಿ ಎಣ್ಣೆ ಬಿಸಿ ಮಾಡಿ ತಂದು ತಿಕ್ಕಿ, ಬೆಳಿಗ್ಗೆಗೆ ಸರಿಹೋಗುತ್ತೆ ಎಂದಿದ್ದಳು, ಅದು ಸರಿಹೋಗಿಯೂ ಬಿಟ್ಟಿತ್ತು. ಹೊಟ್ಟೆ ಕೆಟ್ಟಿದೆ ಎಂದರೆ ನಾಲಿಗೆ ತೋರಿಸಿ ಅನ್ನುತ್ತಾಳೆ. ತಲೆಸುತ್ತು ಎಂದರೆ ಕೈ ಹಿಡಿದು ನಾಡಿ ನೋಡುತ್ತಾಳೆ. ನಿವೃತ್ತಿಯಾಗುವವರೆಗೂ ಹೆರಿಗೆ ವಾರ್ಡಿನಲ್ಲಿ ನರ್ಸಾಗಿದ್ದವಳ ಮುಂದೆ ಇಲ್ಲದ ಕಾಯಿಲೆ ನಡೆಯುವುದಿಲ್ಲ. ಹೊರಗೆ ಅವಳು ಮಗಳ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ‘ಹೂಂ, ಇಬ್ಬರೂ ಹೋಗ್ತಿದ್ದೀವಿ. ನಿಮ್ಮಪ್ಪನೂ ಬರ್ತಾರೆ.’ ನಿಮ್ಮಪ್ಪನೂ. ಆ ‘ನೂ’ ಕೇಳಿ ಅವನ ಕೈಯಲ್ಲಿದ್ದ ಬ್ಲೇಡು ಕತ್ತಿನ ಹತ್ತಿರ ಒಂದು ಗಳಿಗೆ ನಿಂತಿತು. ಮೊದಲಾದರೆ ಈ ಮನೆಯಲ್ಲಿ ಯಾರು ಎಲ್ಲಿಗೆ ಹೋಗಬೇಕೆಂದು ತೀರ್ಮಾನ ಮಾಡುತ್ತಿದ್ದವನು ಅವನು. ಉಳಿದವರು ‘ನೂ’ ಆಗಿ ಹಿಂದೆ ಬರುತ್ತಿದ್ದರು. ಈಗ ಬ್ಯಾಂಕಿನ ಕಾರ್ಡು ಅವಳ ಕೈಚೀಲದಲ್ಲಿದೆ. ಪಾಸ್‌ವರ್ಡನ್ನು ಮಗಳು ಬದಲಾಯಿಸಿ ತಾನೇ ಇಟ್ಟುಕೊಂಡಿದ್ದಾಳೆ. ನಿಮಗೆ ಸುಮ್ಮನೆ ಟೆನ್ಷನ್ ಯಾಕಪ್ಪಾ ಎಂದು, ಮಗುವಿನ ಕೈಯಿಂದ ಕತ್ತರಿ ತೆಗೆದುಕೊಂಡ ಹಾಗೆ. ಮೊನ್ನೆ ಮನೆಗೆ ಬಂದಿದ್ದ ಭಾವಮೈದುನ ಎಲ್ಲರ ಎದುರಿಗೆ, ಭಾವ, ಇನ್ಮೇಲೆ ಯಾವ ಫೋನು ಬಂದ್ರೂ ಮೊದಲು ನಮಗೊಂದು ಮಿಸ್ಡ್ ಕಾಲ್ ಕೊಡಿ ಎಂದು ನಕ್ಕಿದ್ದ. ಆಗ ಹೆಂಡತಿ ತಮ್ಮನ ಕಡೆ ತಿರುಗಿ ಹೇಳಿದ ಮಾತು ಇವನ ಎದೆಯೊಳಗೆ ಹೋಗಿ ಮುಳ್ಳಿನ ಹಾಗೆ ಕೂತುಬಿಟ್ಟಿತ್ತು. ‘ನಗಬೇಡ ನೀನು. ಅವರು ದುಡ್ಡು ಕೊಟ್ಟಿದ್ದು ನನ್ನನ್ನ ಉಳಿಸೋಕೆ.’

ಆ ಮಾತನ್ನು ಅವಳ ಬಾಯಿಗೆ ಕೊಟ್ಟವನು ಅವನೇ. ಆವತ್ತು ಅವಳು ಮಾರ್ಕೆಟ್ಟಿಗೆ ಹೋಗಿದ್ದಾಗ ಫೋನು ಬಂತು. ಪರದೆಯ ಮೇಲೆ ಯೂನಿಫಾರಂ ತೊಟ್ಟ ಒಬ್ಬ, ಅವನ ಹಿಂದೆ ಕಡತ ತುಂಬಿದ ಕಪಾಟು, ಎಲ್ಲೋ ವೈರ್‌ಲೆಸ್ಸಿನ ಗೊರಗೊರ. ನಿಮ್ಮ ಹೆಸರಿನ ಫೋನ್ ನಂಬರಿನಿಂದ ಅಪರಾಧ ನಡೆದಿದೆ, ಈ ಕ್ಷಣದಿಂದ ನೀವು ಬಂಧನದಲ್ಲಿದ್ದೀರಿ, ಕೋಣೆ ಬಿಟ್ಟು ಏಳಬಾರದು, ಮನೆಯವರ ಜೊತೆಯೂ ಮಾತಾಡಬಾರದು. ಫೋನಿನಲ್ಲಿ ಯಾರಾದರೂ ಬಂಧಿಸುತ್ತಾರೆಯೇ ಎಂದು ಈಗ ಸಣ್ಣ ಮಕ್ಕಳೂ ಕೇಳುತ್ತಾರೆ. ಅವನು ಕೇಳಲಿಲ್ಲ. ತೂಕ ಮತ್ತು ಅಳತೆಯ ಇನ್‌ಸ್ಪೆಕ್ಟರಾಗಿ ಅವನು ಜೀವಮಾನವೆಲ್ಲ ಮಾಡಿದ್ದೂ ಇದನ್ನೇ ಅಲ್ಲವೇ? ಅಂಗಡಿಯೊಳಗೆ ಹೋಗಿ ಏನೂ ಮಾತಾಡದೆ ತಕ್ಕಡಿಯ ಪಕ್ಕ ನಿಲ್ಲುವುದು, ಒಂದು ತೂಕದ ಕಲ್ಲನ್ನು ಎತ್ತಿ ಅಂಗೈಯಲ್ಲಿ ಆಡಿಸುವುದು, ತಳದ ಸೀಸದ ಮುದ್ರೆಯನ್ನು ಬೆಳಕಿಗೆ ಹಿಡಿದು ‘ಹೂಂ’ ಅನ್ನುವುದು. ಅಷ್ಟಕ್ಕೇ ಅಂಗಡಿಯವನ ಕುತ್ತಿಗೆಯಲ್ಲಿ ಬೆವರಿಳಿಯುತ್ತಿತ್ತು. ತಪ್ಪು ಮಾಡದವರೂ ಬೆವರುತ್ತಿದ್ದರು. ಅದನ್ನು ನೋಡುವಾಗ ಅವನಿಗೆ ಒಳಗೊಳಗೇ ಒಂದು ಹಿತವಾಗುತ್ತಿತ್ತು. ಫೋನಿನ ಮನುಷ್ಯನಿಗೂ ಆ ‘ಹೂಂ’ ಗೊತ್ತಿತ್ತು. ಅದನ್ನು ಕೇಳಿದ್ದೇ ಇವನು ಎದ್ದು ಚಿಲಕ ಹಾಕಿಕೊಂಡ. ಅವಳು ಬಂದು ಊಟಕ್ಕೆ ಕರೆದಳು, ಬಾಗಿಲು ಬಡಿದಳು. ಹೋಗೇ ಆಚೆ ಎಂದು ಗದರಿದ. ಸಂಜೆಯ ಹೊತ್ತಿಗೆ ಇಬ್ಬರ ಉಳಿತಾಯವೂ ಅವರು ಹೇಳಿದ ಖಾತೆಗೆ ಹೋಗಿ, ಪರದೆ ಕಪ್ಪಾಗಿ, ಅವನು ಎದ್ದು ಚಿಲಕ ತೆಗೆದಾಗ ಅವಳು ಹೊಸ್ತಿಲ ಪಕ್ಕ ನೆಲದ ಮೇಲೇ ಕೂತಿದ್ದಳು. ನೀರು ಕೊಟ್ಟಳು, ಮಾತ್ರೆ ಕೊಟ್ಟಳು, ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಆಮೇಲೆ ಊಟಕ್ಕೆ ಕೂತಾಗ, ಕೇಳದ ಆ ಪ್ರಶ್ನೆಗೆ ಅವನೇ ಉತ್ತರ ಕೊಟ್ಟ. ನಿನ್ನನ್ನು ಹಿಡಿದುಕೊಂಡು ಹೋಗುತ್ತೇವೆ ಅಂದರು, ಅದೊಂದು ಮಾತಿಗೆ ನಾನು ಸೋತೆ ಎಂದ. ಬಡಿಸುತ್ತಿದ್ದ ಅವಳ ಕೈ ನಿಂತಿತು, ಕಣ್ಣು ತುಂಬಿದವು. ಅಲ್ಲಿಂದ ಮುಂದೆ ಅವಳು ಇಷ್ಟು ವರ್ಷದ ಸಂಸಾರದಲ್ಲಿ ಇಲ್ಲದ ಒಂದು ಮೃದುತನದಿಂದ ಅವನ ಜೊತೆ ನಡೆದುಕೊಳ್ಳುತ್ತಿದ್ದಳು. ಮಾತಾಡುವಾಗ ದನಿ ತಗ್ಗಿಸುತ್ತಿದ್ದಳು, ಹೋದ ದುಡ್ಡಿನ ಸುದ್ದಿ ಬಂದರೆ ಅವನ ಭುಜದ ಮೇಲೆ ಕೈಯಿಡುತ್ತಿದ್ದಳು. ಆದರೆ ಫೋನಿನವರು ಅವಳ ಸುದ್ದಿಯನ್ನೇ ಎತ್ತಿರಲಿಲ್ಲ. ಅವಳ ಹೆಸರು ತೆಗೆದವನು ಇವನು.

‘ಇನ್ನೂ ಆಗ್ಲಿಲ್ವಾ? ಬಸ್ಸು ಹೋಗಿಬಿಡುತ್ತೆ,’ ಎಂದು ಅವಳು ಕರೆದಳು. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಅವನಿಗೆ ಬಿಟ್ಟುಕೊಟ್ಟು, ಇವತ್ತಿನ ತರಬೇತಿಯ ವಿಷಯವನ್ನು ಮತ್ತೊಮ್ಮೆ ಹೇಳಿದಳು. ನಿವೃತ್ತರ ಸಂಘದವರು ಒಂದು ಚಾಟ್‌ಬಾಟ್ ತರಿಸುತ್ತಿದ್ದಾರಂತೆ. ಮನುಷ್ಯರ ಹಾಗೇ ಮಾತಾಡುತ್ತದಂತೆ. ಮೋಸಗಾರ ಹೇಗೆ ಬಲೆಗೆ ಹಾಕುತ್ತಾನೆ ಎಂದು ಆಡಿಯೇ ತೋರಿಸುತ್ತದಂತೆ. ‘ನಿಮಗೋಸ್ಕರ ಅಂತ ಅಲ್ಲ. ನಾನೂ ಕಲೀಬೇಕಲ್ಲ,’ ಎಂದಳು. ಅವನು ಹೂಂಗುಟ್ಟಿದ. ಎದುರು ಸೀಟಿನಲ್ಲಿ ಒಬ್ಬ ಯಾರ ಜೊತೆಗೋ ಫೋನಿನಲ್ಲಿ ‘ಸಾರ್, ಸಾರ್’ ಅನ್ನುತ್ತಿದ್ದ. ಇವನಿಗೆ ದೂರು ಕೊಡಲು ಹೋದ ಕಚೇರಿ ನೆನಪಾಯಿತು. ಮಗಳು ಬಲವಂತ ಮಾಡಿ ಕಳಿಸಿದ್ದಳು. ಇವನ ಫೋನು ಆವತ್ತಿನ ಮಾತನ್ನೆಲ್ಲ ತನ್ನಷ್ಟಕ್ಕೆ ರೆಕಾರ್ಡು ಮಾಡಿಕೊಂಡಿತ್ತು. ಅದು ಒಳ್ಳೆಯ ಸಾಕ್ಷಿ ಎಂದು ಗುಮಾಸ್ತ ಖುಷಿಪಟ್ಟ. ಕಿವಿಗೆ ಸಿಕ್ಕಿಸಿಕೊಂಡು ಕೇಳುತ್ತ ಪೆನ್ನಿನ ತುದಿ ಕಚ್ಚುತ್ತಿದ್ದವನು ಒಂದು ಕಡೆ ಕಚ್ಚುವುದನ್ನು ನಿಲ್ಲಿಸಿ, ತಲೆಯೆತ್ತಿ ಇವನ ಮುಖ ನೋಡಿ, ಮತ್ತೆ ತಲೆ ತಗ್ಗಿಸಿದ್ದ. ಯಾವ ಮಾತಿಗೆ ನೋಡಿದ ಎಂದು ಇವನಿಗೆ ಗೊತ್ತಿತ್ತು. ಹೊರಡುವಾಗ ಆ ಗುಮಾಸ್ತ, ಇದನ್ನು ಜನರಿಗೆ ತಿಳುವಳಿಕೆ ಕೊಡಲು ಬಳಸಬಹುದೇ, ಹೆಸರು ಇರುವುದಿಲ್ಲ ಎಂದು ಕೇಳಿದ. ಆ ಕುರ್ಚಿಯಿಂದ ಎದ್ದರೆ ಸಾಕಾಗಿದ್ದ ಇವನು ಆಗಲಿ ಆಗಲಿ ಎಂದಿದ್ದ.

ಸಂಘದ ಮಹಡಿಯ ಮೇಲಿನ ಹಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳು ಆಗಲೇ ತುಂಬಿದ್ದವು. ನೆರೆದವರೆಲ್ಲ ಕೆಲಸ ಮುಗಿಸಿ ಮನೆಯಲ್ಲಿ ಕೂತವರು. ಮುಂದಿನ ಮೇಜಿನ ಮೇಲೆ ಒಂದು ಲ್ಯಾಪ್‌ಟಾಪು, ಒಂದು ಸ್ಪೀಕರು, ಒಂದು ಮೈಕು. ಕಲಿಸಲು ಬಂದ ಮೇಡಂಗೆ ಹೆಚ್ಚುಕಡಿಮೆ ಅವನ ಮಗಳ ವಯಸ್ಸು. ಎಲ್ಲರೂ ಕಿವುಡರೇನೋ ಎಂಬಂತೆ ಪ್ರತಿ ಪದವನ್ನೂ ಬಿಡಿಸಿ ಬಿಡಿಸಿ ಹೇಳುತ್ತಿದ್ದಳು. ಮೊದಲ ಆಟದಲ್ಲಿ ಯಂತ್ರ ಮೋಸಗಾರನ ಪಾತ್ರ ಮಾಡುತ್ತದೆ, ಯಾರು ಬೇಕಾದರೂ ಬಂದು ಅದರ ಜೊತೆ ಮಾತಾಡಿ ಅದನ್ನು ಹಿಡಿಯಬಹುದು. ಒಬ್ಬಾಕೆ ಹೋಗಿ ಎರಡು ಮಾತಿಗೇ ತನ್ನ ಹುಟ್ಟಿದ ದಿನ ಹೇಳಿಬಿಟ್ಟಳು. ಸಂಘದಲ್ಲಿ ಯಾವಾಗಲೂ ಮುಂದಿನ ಸಾಲಿನಲ್ಲಿ ಕೂರುವ ಹಲ್ಲಿನ ಡಾಕ್ಟರು ಹೋಗಿ, ಬಾಯಿ ತೆಗಿ ನಿನ್ನ ಹುಳುಕು ನೋಡ್ತೀನಿ ಎಂದು ಯಂತ್ರಕ್ಕೇ ತಮಾಷೆ ಮಾಡಿ, ನಗುನಗುತ್ತಲೇ ಅದು ಕೇಳಿದ ನಂಬರನ್ನು ಒಪ್ಪಿಸಿ ಬಂದರು. ಆಗ ಹೆಂಡತಿ ಇವನ ಮೊಣಕೈ ತಿವಿದಳು. ಅವನು ಹೋದ. ಯಂತ್ರ ದರ್ಪದ ದನಿಯಲ್ಲಿ ಶುರು ಮಾಡಿದ್ದೇ ಅವನು ಅದರ ಪ್ರತಿ ಹೆಜ್ಜೆಯನ್ನೂ ಅದಕ್ಕಿಂತ ಮೊದಲೇ ಹೇಳತೊಡಗಿದ. ಈಗ ನೀನು ಬಾಗಿಲು ಹಾಕು ಅಂತೀಯ, ಈಗ ಕೇಸಿನ ನಂಬರು ಓದ್ತೀಯ, ಈಗ ಸುಮ್ಮನಾಗಿ ನನ್ನನ್ನ ಬೆವರಿಸ್ತೀಯ. ಹಾಲಿನಲ್ಲಿ ಚಪ್ಪಾಳೆ ಬಿತ್ತು. ಮೇಡಂ, ಸಾರ್ ನೀವೇ ಬಂದು ಪಾಠ ಮಾಡಬಹುದು ಎಂದಳು. ಬಹಳ ದಿನದ ಮೇಲೆ ಅವನ ಬೆನ್ನು ನೆಟ್ಟಗಾಯಿತು. ಚಹಾದ ಹೊತ್ತಿಗೆ ಬಿಸ್ಕತ್ತು ಕೈಯಲ್ಲಿ ಹಿಡಿದು ನಾಲ್ಕು ಜನ ಅವನನ್ನು ಸುತ್ತಿಕೊಂಡರು. ಅವನೂ ತೂಕದ ಇಲಾಖೆಯ ದಿನಗಳಲ್ಲಿ ತಕ್ಕಡಿ ತಟ್ಟೆಯ ಕೆಳಗೆ ಮೇಣದ ಉಂಡೆ ಅಂಟಿಸಿದವರನ್ನು ಹಿಡಿದ ಕತೆಯನ್ನು ಒಂದಕ್ಕೆರಡು ಮಾಡಿ ಹೇಳಿದ. ಅಷ್ಟರಲ್ಲಿ ಕಿಟಕಿಯ ಹತ್ತಿರದಿಂದ ಹೆಂಡತಿಯ ದನಿ ಕೇಳಿಸಿತು. ಅವಳು ಮೇಡಂಗೆ ಹೇಳುತ್ತಿದ್ದಳು: ಅನುಭವ ಆಗಿದೆ ಅವರಿಗೆ. ಅವರು ಹೆದರೋ ಮನುಷ್ಯರೇ ಅಲ್ಲ, ನನ್ನ ಹೆಸರು ತೆಗೆದು ಹೆದರಿಸಿದ್ದಕ್ಕೆ ಕೊಟ್ಟುಬಿಟ್ಟರು. ಮೇಡಂ ಅವನ ಕಡೆ ತಿರುಗಿ, ಗೌರವದಿಂದ, ಸಣ್ಣಗೆ ತಲೆಬಾಗಿದಳು. ಅವನು ಕೈಯಲ್ಲಿದ್ದ ಬಿಸ್ಕತ್ತನ್ನು ತಟ್ಟೆಗೆ ವಾಪಸು ಇಟ್ಟ.

ಎರಡನೆಯ ಆಟದಲ್ಲಿ ಪಾತ್ರ ತಿರುವುಮುರುವಾಗಿತ್ತು. ಈಗ ಇದು ಮೋಸ ಹೋಗ್ತಿರೋ ಮನುಷ್ಯ, ಕೋಣೆಯಲ್ಲಿ ಚಿಲಕ ಹಾಕ್ಕೊಂಡು ಹೆದರಿ ಕೂತಿದ್ದಾರೆ, ನೀವು ಪಕ್ಕದ ಮನೆಯವರಾಗಿ ಇನ್ನೊಂದು ಫೋನಿಗೆ ಕರೆ ಮಾಡಿ ಅವರನ್ನ ಉಳಿಸಬೇಕು ಎಂದು ಮೇಡಂ ವಿವರಿಸಿದಳು. ಇದು ಕಟ್ಟುಕತೆಯಲ್ಲ, ದೂರು ಕೊಟ್ಟವರ ರೆಕಾರ್ಡುಗಳನ್ನು ಕೇಳಿಸಿ ಇದಕ್ಕೆ ಕಲಿಸಿದ್ದಾರೆ. ಹೆಸರು, ಊರು ತೆಗೆದುಹಾಕಿದ್ದಾರೆ, ಮಾತು ಮಾತ್ರ ಹಾಗೇ ಇದೆ. ಡಾಕ್ಟರು ಮತ್ತೆ ಮೊದಲು ಎದ್ದರು. ಏನ್ರೀ, ತಲೆಯಲ್ಲಿ ಬುದ್ಧಿ ಇಲ್ವಾ, ಇಡ್ರೀ ಫೋನು ಎಂದು ಶುರುವಿಗೇ ದಬಾಯಿಸಿದರು. ಸ್ಪೀಕರಿನಿಂದ ಒಬ್ಬ ಮುದುಕನ ನಡುಗುವ ದನಿ ಬಂತು. ‘ಮೆಲ್ಲಗೆ ಮಾತಾಡಿ ಸಾರ್, ಅವರು ನೋಡ್ತಿದ್ದಾರೆ. ನಾನು ಇಡೀ ಸರ್ವೀಸಿನಲ್ಲಿ ತೂಕ ತಪ್ಪಿ ನಡೆದವನಲ್ಲ ಸಾರ್.’ ಹಾಲೆಲ್ಲ ನಕ್ಕಿತು. ದನಿ ಅವನದಲ್ಲ, ಅವನಿಗಿಂತ ತೆಳು. ಮಾತು ಅವನದು. ಬೀಳ್ಕೊಡುಗೆಯ ದಿನ ಹಾರ ಹಾಕಿಸಿಕೊಂಡು ಮೈಕಿನಲ್ಲಿ ಇದನ್ನೇ ಹೇಳಿದ್ದ. ಮಗಳ ಮದುವೆಯಲ್ಲಿ ಬೀಗರಿಗೂ ಹೇಳಿದ್ದ. ಮುಂದೆ ಏನೇನು ಬರುತ್ತದೆ ಎಂದು ಅವನಿಗೆ ಸಾಲಿನ ಮೇಲೆ ಸಾಲಾಗಿ ನೆನಪಾಗತೊಡಗಿತು. ಬಿಪಿ ಇದೆ ಸಾರ್ ಅನ್ನುತ್ತದೆ. ಯಾರಿಗೂ ಎದುರು ಮಾತಾಡಿದವನಲ್ಲ ಅನ್ನುತ್ತದೆ. ಆಮೇಲೆ ಅದು ಬರುತ್ತದೆ. ಡಾಕ್ಟರು ಬೈದಷ್ಟೂ ಆ ದನಿ ಇನ್ನಷ್ಟು ಮುದುಡಿ, ಕಡೆಗೆ ಕರೆಯನ್ನೇ ಕತ್ತರಿಸಿತು. ಉಳಿಸೋಕಾಗ್ಲಿಲ್ಲ ಎಂದು ಮೇಡಂ ನಕ್ಕಳು. ಇಂಥವರಿಗೆ ಮೋಸ ಆಗಬೇಕಾದ್ದೇ ಎಂದು ಡಾಕ್ಟರು ಕೈ ಒದರಿಕೊಂಡು ಬಂದು ಕೂತರು.

ಅವನು ಹೆಂಡತಿಯ ಕಿವಿಯ ಹತ್ತಿರ ಬಗ್ಗಿ, ತಲೆ ಸುತ್ತುತ್ತಿದೆ, ಹೊರಟುಬಿಡೋಣ ಎಂದ. ಅವಳು ಅವನ ಮಣಿಕಟ್ಟು ಹಿಡಿದಳು. ಆದರೆ ನಾಡಿ ನೋಡಲಿಲ್ಲ, ಸುಮ್ಮನೆ ಹಿಡಿದುಕೊಂಡಳು. ಅವಳ ಕಣ್ಣಿನಲ್ಲಿ ನೀರಿತ್ತು.

‘ಇದು ನೀವೇ ಅಲ್ವಾ?’ ಎಂದಳು, ಪಕ್ಕದವರಿಗೆ ಕೇಳದ ಹಾಗೆ. ‘ಆವತ್ತು ಬಾಗಿಲು ತೆಗೆಸೋಕೆ ನನ್ನ ಕೈಲಿ ಆಗ್ಲಿಲ್ಲ. ಇವತ್ತು ತೆಗೆಸ್ತೀನಿ.’

ಬೇಡ ಎನ್ನುವಷ್ಟರಲ್ಲಿ ಅವಳು ಸೆರಗು ಸರಿಮಾಡಿಕೊಂಡು ಎದ್ದಾಗಿತ್ತು. ಬೇಡ ಎಂದು ಅವಳ ಕೈ ಹಿಡಿದು ಎಳೆದಿದ್ದರೆ? ಎದ್ದು ಹೋಗಿ ಸ್ಪೀಕರಿನ ವೈರು ಕಿತ್ತಿದ್ದರೆ? ಎಲ್ಲರ ಎದುರಿಗೆ ಕುರ್ಚಿಯಿಂದ ಉರುಳಿ ಬಿದ್ದುಬಿಟ್ಟಿದ್ದರೆ? ಆಮೇಲೆ ಎಷ್ಟೋ ಸಲ ಅವನು ಇದನ್ನೆಲ್ಲ ಯೋಚಿಸಿದ. ಆ ಹೊತ್ತಿಗೆ ಮಾಡಿದ್ದು ಮಾತ್ರ, ಮುಂದಿನ ಕುರ್ಚಿಯ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತದ್ದು. ಅವಳು ಮೈಕಿನ ಎದುರು ಕುರ್ಚಿ ಎಳೆದುಕೊಂಡು, ರೋಗಿಯ ಮಂಚದ ಪಕ್ಕ ಕೂರುವವಳ ಹಾಗೆ ಸ್ವಲ್ಪ ಓರೆಯಾಗಿ ಕೂತಳು. ನಾನು ಪಕ್ಕದ ಮನೆಯವಳು, ನರ್ಸು ಎಂದು ಶುರು ಮಾಡಿದಳು. ನೀರು ಕುಡಿದಿದ್ದೀರಾ ಎಂದು ಕೇಳಿದಳು. ಹತ್ತಿರ ನೀರಿದ್ದರೆ ಒಂದು ಗುಟುಕು ಕುಡೀರಿ, ನಾನು ಕಾಯ್ತೀನಿ ಎಂದಳು. ಯಂತ್ರದ ದನಿ, ಕುಡಿದೆ ಅಮ್ಮ ಎಂದಿತು. ನನಗೆ ಬಿಪಿ ಇದೆ ಎಂದಿತು. ಅವಳು ಗೊತ್ತು ಎಂದಳು. ಯಾರು ಏನು ಕೇಳಿದರೂ ಈಗ ಉತ್ತರ ಕೊಡಬೇಕಾಗಿಲ್ಲ, ಉಸಿರು ಎಳೆದುಕೊಳ್ಳಿ, ಮೆಲ್ಲಗೆ ಬಿಡಿ. ಎಷ್ಟು ಹೆಂಗಸರಿಗೆ ಹೀಗೆ ಹೇಳಿರಬಹುದು ಅವಳು. ಈ ದನಿಯನ್ನು ಅವನು ಮನೆಯಲ್ಲಿ ಯಾವತ್ತೂ ಕೇಳಿರಲಿಲ್ಲ, ಅಥವಾ ಅವನ ಅಮ್ಮ ಹಾಸಿಗೆ ಹಿಡಿದಿದ್ದಾಗ ಪಕ್ಕದ ಕೋಣೆಯಿಂದ ಬರುತ್ತಿತ್ತೇನೋ, ಅವನು ಕಿವಿಗೊಟ್ಟಿರಲಿಲ್ಲ.

‘ಮನೇಲಿ ಯಾರಿದ್ದಾರೆ?’

‘ಹೆಂಡತಿ ಇದ್ದಾಳೆ. ಬಾಗಿಲು ಬಡೀತಿದ್ದಾಳೆ.’

‘ತೆಗೀರಿ. ಅವರಿಗೆ ಹೇಳಿ. ಹೇಳಿದ್ರೆ ಅರ್ಧ ಭಾರ ಇಳಿಯುತ್ತೆ.’

‘ಅವಳಿಗೆ ಹೇಳೋ ಹಾಗಿಲ್ಲಮ್ಮ,’ ಎಂದಿತು ದನಿ. ‘ಸಾಹೇಬರಿಗೆ ಅವಳ ಹೆಸರು ಕೊಟ್ಟಿದ್ದೀನಿ. ಫೋನು ನನ್ನ ಹೆಸರಲ್ಲಿದ್ರೂ ಬಳಸೋಳು ಅವಳು, ಯಾರ್ಯಾರ ಜೊತೆ ಮಾತಾಡ್ತಾಳೋ ನನಗೇನು ಗೊತ್ತು ಅಂದೆ. ಬೇಕಾದ್ರೆ ಅವಳನ್ನ ಕರ್ಕೊಂಡು ಹೋಗಿ, ನಾನು ಮರ್ಯಾದಸ್ಥ ಅಂದೆ.’

ಡಾಕ್ಟರು ಮೊದಲು ನಕ್ಕರು, ಆಮೇಲೆ ಹಾಲೆಲ್ಲ ನಕ್ಕಿತು. ಎಂಥಾ ಗಂಡ ಅಂತೀನಿ ಎಂದು ಹಿಂದಿನಿಂದ ಯಾವಳೋ ಹೇಳಿದಳು. ಮೇಡಂ ನಗುತ್ತಲೇ ಕೈಯೆತ್ತಿ ಸುಮ್ಮನಿರಿಸಿದಳು. ದನಿ ನಿಲ್ಲಲಿಲ್ಲ. ‘ಅವಳು ಮೊದಲಿನಿಂದಲೂ ಹಾಗೇ ಸಾರ್ ಅಂದೆ. ನಮ್ಮಮ್ಮ ಮಲಗಿದ್ದಾಗ ಆಸ್ಪತ್ರೆಯಿಂದ ಮುಲಾಮು, ಬ್ಯಾಂಡೇಜು ಬಟ್ಟೆ ಕದ್ದು ತರ್ತಿದ್ದಳು, ನಾನು ಸಹಿಸ್ಕೊಂಡಿದ್ದೆ ಅಂತಲೂ ಹೇಳಿದೆ.’

ಅವನಿಗೆ ಹೆಂಡತಿಯ ಬೆನ್ನು ಮಾತ್ರ ಕಾಣುತ್ತಿತ್ತು. ಅದು ಅಲುಗಲಿಲ್ಲ. ಮೈಕಿನ ಮೇಲಿದ್ದ ಅವಳ ಬೆರಳು ಒಂದು ಸಲ ಜಾರಿ, ಸ್ಪೀಕರಿನಲ್ಲಿ ಕರಕರ ಸದ್ದು ಬಂತು. ಅವನ ಅಮ್ಮನ ಬೆನ್ನಿನ ಹುಣ್ಣುಗಳು, ಅವುಗಳ ವಾಸನೆ, ಪ್ರತಿದಿನ ಕೆಲಸದಿಂದ ಬಂದವಳೇ ಸೀರೆ ಕೂಡ ಬದಲಾಯಿಸದೆ ಬಿಸಿನೀರಿನ ಬಟ್ಟಲು ಹಿಡಿದು ಆ ಕೋಣೆಯೊಳಗೆ ಹೋಗುತ್ತಿದ್ದದ್ದು. ಅವನು ಬಾಗಿಲಿನಿಂದಾಚೆ ನಿಂತು, ಅವಳ ಚೀಲದಿಂದ ಹೊರಬರುತ್ತಿದ್ದ ಬಿಳಿ ಸುರುಳಿಗಳನ್ನು ನೋಡಿ, ಇದು ಸರ್ಕಾರದ ಸ್ವತ್ತು ಎಂದುಕೊಳ್ಳುತ್ತಿದ್ದ. ಒಂದು ಮಾತೂ ಆಡಿರಲಿಲ್ಲ. ಆಡದೇ ಇದ್ದುದಕ್ಕೆ ತನ್ನದು ದೊಡ್ಡ ಮನಸ್ಸು ಎಂದೂ ತಿಳಿದುಕೊಂಡಿದ್ದ.

‘ಹೆಂಡತಿ ವಿಷಯ ಅವರಾಗಿ ಕೇಳಿದ್ರಾ?’ ಎಂದು ಅವಳು ಕೇಳಿದಳು. ಅವಳ ದನಿ ಮೊದಲಿನಷ್ಟೇ ತಗ್ಗಾಗಿತ್ತು.

‘ಇಲ್ಲಮ್ಮ. ನಾನೇ ಹೇಳಿದೆ.’

‘ಹಿಡ್ಕೊಂಡು ಹೋಗ್ತೀವಿ ಅಂದ್ರಾ?’

‘ಇಲ್ಲ. ಅವಳ ಸುದ್ದಿ ಬೇಡ ಅಂದ್ರು.’

ಅಲ್ಲಿಗೆ ಅವಳು ಎದ್ದು ಬಂದುಬಿಡುತ್ತಾಳೆ ಎಂದುಕೊಂಡ. ಬರಲಿಲ್ಲ. ಆಗಲಿ, ಹೆದರಿಕೆಯಲ್ಲಿ ಹೇಳಿಬಿಟ್ಟಿದ್ದೀರಿ ಎಂದಳು. ಆ ಫೋನನ್ನು ಮಗುಚಿ ಇಡಿ ಎಂದಳು. ಗೋಡೆ ಹಿಡಿದುಕೊಂಡು ಎದ್ದೇಳಿ, ಅವಸರ ಬೇಡ. ಅವಳು ಬೈತಾಳೆ ಎಂದಿತು ದನಿ. ಬೈಯಲ್ಲ ಎಂದಳು ಅವಳು. ಹೀಗೆ ಒಂದೊಂದೇ ಹೆಜ್ಜೆ ನಡೆಸಿಕೊಂಡು ಹೋಗಿ ಚಿಲಕ ತೆಗೆಸಿದಳು. ಲ್ಯಾಪ್‌ಟಾಪಿನ ಪರದೆ ಹಸಿರಾಯಿತು. ಇಷ್ಟು ದಿನದಲ್ಲಿ ಇದನ್ನು ಯಾರೂ ಇಷ್ಟು ಚೆನ್ನಾಗಿ ಉಳಿಸಿರಲಿಲ್ಲ ಎಂದು ಮೇಡಂ ಜೋರಾಗಿ ಚಪ್ಪಾಳೆ ತಟ್ಟಿದಳು, ಎಲ್ಲರೂ ತಟ್ಟಿದರು, ತಟ್ಟದೇ ಇದ್ದರೆ ಯಾರಾದರೂ ನೋಡಿಯಾರು ಎಂದು ಅವನೂ ತಟ್ಟಿದ. ಇದರ ಗುಟ್ಟೇನು ಹೇಳಿ ಎಂದು ಕೇಳಿದ್ದಕ್ಕೆ ಅವಳು, ಹೆದರಿದವರನ್ನ ಬೈದ್ರೆ ಇನ್ನೂ ಒಳಗೆ ಹೋಗ್ತಾರೆ ಎಂದಷ್ಟೇ ಹೇಳಿ ಬಂದು ಕೂತಳು. ಅವನ ಪಕ್ಕದಲ್ಲೇ ಕೂತಳು. ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅದರ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಕೊನೆಯಲ್ಲಿ ಮೇಡಂ ಬಂದು, ಮನೆಯಲ್ಲೂ ಅಭ್ಯಾಸ ಮಾಡಲಿ ಎಂದು ಆ ಯಂತ್ರದ ನಂಬರನ್ನು ಇಬ್ಬರ ಫೋನಿಗೂ ಹಾಕಿಕೊಟ್ಟಳು. ನೀವು ಪುಣ್ಯವಂತರ ಜೋಡಿ ಎಂದಳು.

ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿ ಪಕ್ಕ ಕೂತಳು. ಅವಳು ಬೈಯಲಿ, ಅಳಲಿ, ಏನಾದರೂ ಅನ್ನಲಿ ಎಂದು ಅವನು ಕಾದ. ಉತ್ತರವನ್ನು ಹಲ್ಲಿನ ಸಂದಿಯಲ್ಲೇ ಸಿದ್ಧವಾಗಿ ಇಟ್ಟುಕೊಂಡಿದ್ದ: ಅದು ನಾನಲ್ಲ, ನೂರು ಜನರ ಮಾತು ಬೆರೆಸಿ ಮಾಡಿದ್ದು, ಯಂತ್ರ ಬಾಯಿಗೆ ಬಂದದ್ದು ಹೇಳುತ್ತೆ. ಅವಳು ಕೇಳದೇ ಇದ್ದುದರಿಂದ ಅದನ್ನು ತಾನಾಗಿಯೇ ಹೇಳಿದ. ಅವಳು ಹೂಂ ಎಂದಳು. ಆ ಹೂಂಗೆ ಅವನಿಗೆ ಸಿಟ್ಟು ಬಂತು. ಎಲ್ಲರೆದುರು ಮೈಕು ಹಿಡಿದುಕೊಂಡು ಅಷ್ಟೆಲ್ಲ ಕೆದಕಿ ಕೇಳುವ ಅಗತ್ಯವೇನಿತ್ತು ಎಂದ. ನಿನ್ನನ್ನು ಯಾರು ಕರೆದಿದ್ದರು ಎಂದ. ದನಿ ಏರಿತ್ತೇನೋ, ಕಂಡಕ್ಟರು ತಿರುಗಿ ನೋಡಿದ. ಅವಳು ಹೊರಗೇ ನೋಡುತ್ತಿದ್ದಳು. ಬಸ್ಸು ಒಂದು ಔಷಧದ ಅಂಗಡಿಯ ಮುಂದೆ ಸಿಗ್ನಲ್ಲಿಗೆ ನಿಂತಾಗ, ಅಂಗಡಿಯ ಬೋರ್ಡನ್ನು ಓದುವವಳ ಹಾಗೆ ಹೇಳಿದಳು.

‘ಮುಲಾಮು ಅಂಗಡೀದು. ವಾರ್ಡಿನದಲ್ಲ. ನನ್ನ ಸಂಬಳದಲ್ಲಿ ತರ್ತಿದ್ದೆ.’

ಮನೆಗೆ ಬಂದವಳೇ ಕೈಕಾಲು ತೊಳೆದು, ಬೆಳಿಗ್ಗೆ ಮಾಡಿಟ್ಟಿದ್ದನ್ನು ಬಿಸಿ ಮಾಡಿ ಬಡಿಸಿದಳು. ಎದುರು ಕೂತು ತಾನೂ ಉಂಡಳು. ಇನ್ನು ಸ್ವಲ್ಪ ಹಾಕಲಾ ಎಂದು ಕೇಳುವುದನ್ನೂ ಬಿಡಲಿಲ್ಲ. ಇಷ್ಟು ದಿನ ಇದ್ದ ಆ ಮೃದುತನ ಮಾತ್ರ ಇರಲಿಲ್ಲ. ಹಾಸ್ಟೆಲ್ಲಿನಲ್ಲಿ ಬಡಿಸುವವರು ಎಲ್ಲರನ್ನೂ ಕೇಳುವ ಹಾಗೆ ಕೇಳಿದಳು. ಪಾತ್ರೆ ತೊಳೆದಿಟ್ಟು, ಒಣಗಿದ ಬಟ್ಟೆ ತರುತ್ತೇನೆ ಎಂದು ಮಹಡಿಗೆ ಹೋದಳು. ಅವನು ಒಳಗಿನ ಕೋಣೆಯಲ್ಲಿ ಮಂಚದ ತುದಿಗೆ ಕೂತ. ಅದೇ ಕೋಣೆ. ಮೇಲಿನಿಂದ ಅವಳು ಬಟ್ಟೆ ಒದರುವ ಸದ್ದು ಬರುತ್ತಿತ್ತು. ಆ ಯಂತ್ರ ನಾಳೆ ಇನ್ನೊಂದು ಸಂಘಕ್ಕೆ ಹೋಗುತ್ತದೆ, ನಾಡಿದ್ದು ಮತ್ತೊಂದಕ್ಕೆ. ಹೋದಲ್ಲೆಲ್ಲ ಅವನ ಮಾತು ಹೇಳುತ್ತದೆ, ಹೋದಲ್ಲೆಲ್ಲ ಒಬ್ಬ ಡಾಕ್ಟರು ನಗುತ್ತಾರೆ. ಒಂದು ದಿನ ಮಗಳ ಆಫೀಸಿಗೂ ಹೋಗಬಹುದು. ಹೇಗಾದರೂ ಮಾಡಿ ಆ ಒಂದು ಮಾತನ್ನು ಬಿಡಿಸಬೇಕು, ಅದೊಂದನ್ನು. ತಾಳ್ಮೆಯಿಂದ ಹೇಳಿದರೆ ಕೇಳುತ್ತದೆ, ಅವಳು ಹೇಳಿದ್ದನ್ನು ಕೇಳಲಿಲ್ಲವೇ? ಅವನು ಫೋನು ತೆಗೆದು, ಮೇಡಂ ಹಾಕಿಕೊಟ್ಟ ನಂಬರನ್ನು ಒತ್ತಿ, ಹೆದರಿದವನ ಪಾತ್ರ ಎಂಬುದನ್ನು ಆರಿಸಿದ.

ನಡುಗುವ ದನಿ ಬಂತು. ಅವನು ಮೆಲ್ಲಗೇ ಶುರು ಮಾಡಿದ. ನೋಡಿ, ಹೆಂಡತಿಯ ಸುದ್ದಿ ಯಾರ ಹತ್ತಿರವೂ ಎತ್ತಬೇಡಿ ಎಂದ. ಯಾಕೆ ಸಾರ್ ಎಂದಿತು ದನಿ, ಅವಳದ್ದೇ ತಪ್ಪು ಸಾರ್, ನನಗೇನೂ ಗೊತ್ತಿಲ್ಲ ಸಾರ್. ಹಾಗೆ ಹೇಳಬಾರದು ಎಂದ. ನೀವು ಯಾರು ಸಾರ್, ಪೊಲೀಸರಾ ಎಂದಿತು. ಅದರ ಆ ಗೋಗರೆತ, ಮಾತಿಗೊಂದು ಸಾರ್, ಮೂಗಿನಲ್ಲಿ ಎಳೆದುಕೊಳ್ಳುವ ಉಸಿರು ಅವನಿಗೆ ಮೈಯೆಲ್ಲ ಉರಿ ಹತ್ತಿಸಿತು. ಇಷ್ಟು ಅಂಜುಬುರುಕನಾಗಿ ಯಾರಾದರೂ ಇರುತ್ತಾರೆಯೇ? ಬಾಯಿ ಮುಚ್ಚು ಎಂದ. ಅದು ತಕ್ಷಣ ಮುಚ್ಚಿತು. ಆ ಮೌನದಲ್ಲಿ ಅವನಿಗೆ ತನ್ನ ಹಳೆಯ ದನಿ ಸಿಕ್ಕಿಬಿಟ್ಟಿತು. ನಾನು ಹೇಳಿದ ಹಾಗೆ ಹೇಳು ಎಂದ. ಹೆಂಡತಿ ಏನೂ ಮಾಡಿಲ್ಲ ಅನ್ನು. ತಪ್ಪಾಯ್ತು ಸಾರ್, ಅವಳು ಏನೂ ಮಾಡಿಲ್ಲ ಸಾರ್ ಎಂದಿತು. ಜೋರಾಗಿ ಹೇಳು ಎಂದ. ಜೋರಾಗಿ ಹೇಳಿತು. ಅವಳನ್ನ ಉಳಿಸೋಕೆ ದುಡ್ಡು ಕೊಟ್ಟೆ ಅನ್ನು. ಕೊಟ್ಟೆ ಸಾರ್, ಇನ್ನೂ ಎಷ್ಟು ಕೊಡಲಿ ಸಾರ್, ಯಾವ ಖಾತೆಗೆ ಹಾಕಲಿ ಹೇಳಿ ಸಾರ್ ಎಂದಿತು. ಅವನು ಹೂಂ ಎಂದ. ಅದು ಅಳತೊಡಗಿತು. ಆಮೇಲೆ ಫೋನಿನಲ್ಲಿ ಗಂಟೆಯ ಸದ್ದಾಗಿ, ಮೇಡಂನಂಥದೇ ಒಂದು ಹೆಣ್ಣುದನಿ ಬಿಡಿಸಿ ಬಿಡಿಸಿ ಹೇಳಿತು: ‘ಅಭ್ಯಾಸ ಮುಗಿಯಿತು. ಈ ಮಾತುಕತೆಯಲ್ಲಿ ಬೆದರಿಕೆ ಹಾಕಿದವರು ನೀವು. ಅವರನ್ನು ಉಳಿಸಲು ಆಗಲಿಲ್ಲ. ದಯವಿಟ್ಟು ಮತ್ತೆ ಪ್ರಯತ್ನಿಸಿ.’

ತಲೆಯೆತ್ತಿದಾಗ ಅವಳು ಬಾಗಿಲಲ್ಲಿ ನಿಂತಿದ್ದಳು, ಮಡಿಚದ ಬಟ್ಟೆಗಳ ರಾಶಿ ತೋಳಿನ ಮೇಲೆ. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

‘ಅವರಿಗೆ ಹಾಗೆ ಗದರಬೇಡಿ,’ ಎಂದಳು. ‘ಮೊದಲೇ ಹೆದರಿದ್ದಾರೆ.’

ಅವನು ಫೋನನ್ನು ಕಿವಿಯಿಂದ ಇಳಿಸಿದ. ‘ಅದು ನಾನೇ ಕಣೇ.’

ಅವಳು ಬಟ್ಟೆಗಳನ್ನು ಮಂಚದ ಮೇಲಿಟ್ಟು ಅವನ ಮುಖವನ್ನು ಸರಿಯಾಗಿ ನೋಡಿದಳು. ಹಾಲಿನಿಂದ ಹೊರಟ ಮೇಲೆ ಅದೇ ಮೊದಲು. ‘ಅಲ್ಲ,’ ಎಂದಳು. ‘ಅವರು ಹೆದರಿ ಹೇಳಿದ್ದು. ಹೆರಿಗೆ ನೋವಿನಲ್ಲಿ ಹೆಂಗಸರು ಏನೇನೋ ಅಂತಾರೆ, ಹೆತ್ತ ತಾಯೀನೂ ಬೈತಾರೆ. ಅದನ್ನ ನಾನು ಯಾವತ್ತೂ ಮನಸ್ಸಿಗೆ ಹಚ್ಕೊಂಡೋಳಲ್ಲ. ನೀವು ಆಮೇಲೆ ಊಟಕ್ಕೆ ಕೂತು ಹೇಳಿದ್ರಲ್ಲ, ಆಗ ನಿಮ್ಮನ್ನ ಯಾರೂ ಹೆದರಿಸ್ತಿರ್ಲಿಲ್ಲ.’

ಅವನ ಕೈಯಿಂದ ಫೋನನ್ನು ತೆಗೆದುಕೊಂಡಳು. ಕಿತ್ತುಕೊಳ್ಳಲಿಲ್ಲ, ಮೆಲ್ಲಗೆ ಬೆರಳು ಬಿಡಿಸಿ ತೆಗೆದುಕೊಂಡಳು. ಹಜಾರಕ್ಕೆ ಹೋಗಿ ಬೆತ್ತದ ಕುರ್ಚಿಯಲ್ಲಿ, ಅವನಿಗೆ ಬೆನ್ನು ಹಾಕಿ, ಸ್ವಲ್ಪ ಓರೆಯಾಗಿ ಕೂತಳು. ಗುಂಡಿ ಒತ್ತಿದ ಸದ್ದಾಯಿತು. ಅವನು ಎದ್ದು ಬಾಗಿಲವರೆಗೆ ಬಂದ, ಅಲ್ಲಿಂದ ಮುಂದೆ ಕಾಲು ಬರಲಿಲ್ಲ. ಗಾಬರಿ ಆಗಬೇಡಿ, ಅವರು ಹೋದರು ಎಂದು ಅವಳು ಹೇಳುವುದು ಕೇಳಿಸಿತು. ಮೊದಲು ನೀರು ಕುಡೀರಿ ಎಂದಳು. ಆಚೆಯ ದನಿ ಏನೋ ಹೇಳಿತು, ಅವಳು ತಲೆಯಾಡಿಸುತ್ತ ಕೇಳಿಸಿಕೊಂಡಳು. ಆ ತಗ್ಗಿದ ದನಿಯಲ್ಲಿ ಅವಳು ಒಂದೊಂದನ್ನೇ ವಿಚಾರಿಸುತ್ತಿದ್ದಳು, ನಿದ್ದೆ ಮಾಡಿದ್ದೀರಾ, ಎದೆ ಹೊಡಕೊಳ್ತಾ ಇದೆಯಾ, ಯಾರಾದರೂ ಜೊತೆಗಿದ್ದಾರಾ ಎಂದು. ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದರಿಂದ ಅದು ಕೊಟ್ಟ ಉತ್ತರ ಅವನಿಗೆ ಕೇಳಿಸಲಿಲ್ಲ.